ಹನ್ನೆರಡನೇ ಫಲಕ

ಜಟ್ಟಪ್ಪ ಮೊಗೇರ ಅದನ್ನು ತುರಿಕೆಪಾಚಿ ಅನ್ನುತ್ತಾನೆ.
ಪಾಚಿಯಲ್ಲ ಮಾರಾಯ, ಪ್ರಾಣಿ, ಅಂದರೆ
ತೋಳು ತೋರಿಸುತ್ತಾನೆ: ಕೆಂಪು ಗಂಧೆ, ಮೊಣಕೈವರೆಗೆ.
"ಪ್ರಾಣಿಯಾದ್ರೆ ಬಾಯಿ ಎಲ್ಲಿ?"

ಇದೆ. ಇಲ್ಲಿ ಕಣ್ಣಿಡು.
ಹಿದ್ದ್‌ನ ಕಡಲನ್ನು ಹೀರಿ ಮುಹರ್ರಕ್‌ಗೆ
ಸಿಹಿನೀರು ಕಳಿಸುವ ಕೊಳವೆಯ ಬಾಯಲ್ಲಿ
ತಿಂಗಳಿಗೊಂದು ಬಿಳಿ ಫಲಕ ತೂಗುಬಿಡುತ್ತೇವೆ,
ಯಾರು ಬಂದು ಕೂರುತ್ತಾರೆ ನೋಡೋಣ ಅಂತ.
ಡಿಸೆಂಬರಿನ ಫಲಕದಲ್ಲಿ ಕೂತದ್ದು ಇದು.

ಮೊದಲು ಒಂದು ದಾರ, ಕೂದಲಿಗಿಂತ ಸಪೂರ,
ಪ್ಲಾಸ್ಟಿಕ್ಕಿನ ಮೇಲೆ ತೆವಳುತ್ತ ಹಬ್ಬುತ್ತದೆ.
ಬೇರು ಅನ್ನಬೇಡ, ಅದು ಏನನ್ನೂ ಹೀರುವುದಿಲ್ಲ,
ಹಿಡಿದುಕೊಳ್ಳುತ್ತದೆ, ಅಷ್ಟೆ.
ದಾರದಿಂದೆದ್ದ ಕಾಂಡಕ್ಕೆ ಬಳೆ ಬಳೆಯ ಗೆಣ್ಣು,
ಗೆಣ್ಣಿಗೊಂದು ಗಾಜಿನ ಲೋಟ,
ಲೋಟದೊಳಗೆ ಇಪ್ಪತ್ತು ಚಿಲ್ಲರೆ ಬೆರಳಿನ ಒಂದು ಕೈ,
ಅಂಗೈ ನಡುವೆ ಬಾಯಿ.
ಉಣ್ಣಲಿಕ್ಕೂ ಅದೇ, ಉಗುಳಲಿಕ್ಕೂ ಅದೇ.
"ನಮ್ಮ ಸೂಪರ್‌ವೈಸರ್ ಹಾಗೆ," ಅಂದ ಜಟ್ಟಪ್ಪ.

ಬೆರಳ ತುಂಬ ಗುಳ್ಳೆ; ಗುಳ್ಳೆಯೊಳಗೆ
ಸುರುಳಿ ಸುತ್ತಿಟ್ಟ ಈಟಿ. ತಾಗಿದರೆ ಸಾಕು,
ಸೀಗಡಿಮರಿ ಒಮ್ಮೆ ಕೊಡವಿ ಸುಮ್ಮನಾಗುತ್ತದೆ.
ಒಂದು ಬಾಯಿ ತಿಂದದ್ದು ಒಂದೇ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ,
ಒಳಗೆಲ್ಲ ಒಂದೇ ಓಣಿ. ಗಂಜಿ ಅತ್ತ ಹರಿದು,
ನಿಂತು, ಇತ್ತ ಹರಿದು
ಎಲ್ಲ ಲೋಟಕ್ಕೂ ಮುಟ್ಟುತ್ತದೆ.
ನಿಮ್ಮ ಸಲ್ಮಾಬಾದಿನ ರೂಮಿನಂತೆಯೇ, ಅಂತ ಶುರುಮಾಡಿದೆ,
ಎಂಟು ಮಂಚ, ಒಂದು ಕುಕ್ಕರು...
"ಹೋಲಿಸ್ಬೇಡಿ ಮೇಡಂ. ಕುಕ್ಕರು ತೊಳೆಯುವ ಸರದಿಗೆ
ನಮ್ಮಲ್ಲಿ ಮೊನ್ನೆ ತಲೆ ಒಡೆದಿದೆ.
ಇದು ಜಗಳ ಆಡ್ತದಾ?"
ಇಲ್ಲ.
ನೋಟುಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ: ಜಗಳ ಇಲ್ಲ.

ಕಾಂಡದ ಕಂಕುಳಲ್ಲಿ ಬೇರೆಯೇ ಒಂದು ಹೂಜಿ.
ಅದಕ್ಕೆ ಕೈಯಿಲ್ಲ, ಬಾಯಿಯಿಲ್ಲ, ಮಿಕ್ಕವರೇ ಉಣಿಸಬೇಕು.
ಒಳಗೆ ತಟ್ಟೆ ಪೇರಿಸಿದ ಹಾಗೆ ಮರಿಗಳು.
ಗುರುವಾರ ರಾತ್ರಿಪಾಳಿ, ಎರಡೂ ಹತ್ತಕ್ಕೆ
ಹೂಜಿಯ ಬಾಯಿ ಬಿಚ್ಚಿ ಒಂದು ಕೊಡೆ ಹೊರಬಿತ್ತು,
ಸಾಸಿವೆಯ ಕಾಲುಭಾಗ. ಮುದುಡಿತು, ಅರಳಿತು,
ತನ್ನನ್ನೇ ಒತ್ತಿಕೊಂಡು ಮುಂದೆ ಹೋಯಿತು.
ಅದರ ಬೆರಳ ಬುಡದಲ್ಲಿ ಕಲ್ಲಿನ ಕಾಳು,
ಮೇಲು ಯಾವುದು ಕೆಳಗು ಯಾವುದು ತಿಳಿಯಲಿಕ್ಕೆ.
ತಾಯಿಗೆ ಅದು ಇರಲಿಲ್ಲ.
ಅಂಟಿ ಕೂತವರಿಗೆ ಯಾಕೆ?

ಈ ಬಳ್ಳಿಯ ಮರಿಯೆಲ್ಲ ಹೆಣ್ಣು.
ಗಂಡು ಬೇರೆಲ್ಲೋ, ದಮ್ಮಾಮಿನ ಕಡೆಯ ಯಾವುದೋ
ಹಡಗಿನ ಹೊಟ್ಟೆಗಂಟಿದ ಬಳ್ಳಿಯಿಂದ ಉದುರಿದ್ದು.
ಮುಖ ನೋಡುವ ಶಾಸ್ತ್ರವಿಲ್ಲ.
ಇದ್ದದ್ದನ್ನು ನೀರಿಗೆ ಬಿಟ್ಟು ಸಾಯುತ್ತವೆ, ಎರಡೂ.
ನೀರಲ್ಲೇ ಕೂಡಿದ್ದು ರೋಮದ ಅಂಗಿ ತೊಟ್ಟು
ಬಾಯಿಲ್ಲದೆ ಎರಡು ದಿನ ಈಜುತ್ತದೆ,
ಅಲ್ಲಿ ಮುಟ್ಟಿ, ಇಲ್ಲಿ ಮುಟ್ಟಿ,
ಒಪ್ಪಿದ ಕಡೆ ತಲೆಯೂರಿ ನಿಲ್ಲುತ್ತದೆ.
ಹಿಂದಿದ್ದದ್ದು ಮೇಲಾಗಿ, ಅಲ್ಲಿ ಬಾಯಿ ಒಡೆಯುತ್ತದೆ.
ಆಮೇಲೆ ದಾರ.

ಮೇ ದಾಟಿ ಕಡಲು ಸಾರಿನ ಹಾಗೆ ಕಾದಾಗ
ಕೈಗಳೆಲ್ಲ ಕರಗಿ ಲೋಟ ಖಾಲಿ.
ದಾರ ಮಾತ್ರ ಉಪವಾಸ ಮಲಗಿ
ನವೆಂಬರಿಗೆ ಕಾಯುತ್ತದೆ.

ಪಂಪಿನ ಮನೆಯ ಜಾಸಿಮ್ ಹೇಳುತ್ತಾನೆ,
ಅವನ ಅಜ್ಜ ಇದೇ ಉಪ್ಪಿನ ತಳಕ್ಕೆ ತೊಗಲಚೀಲ ಹಿಡಿದು ಮುಳುಗಿ
ಬುಗ್ಗೆಯಿಂದ ಸಿಹಿನೀರು ತುಂಬಿ ತರುತ್ತಿದ್ದನಂತೆ.
ಬುಗ್ಗೆ ಬತ್ತಿತು. ಈಗ ಕೊಳವೆ, ನಾವು, ವರದಿ.

ವರದಿಯಲ್ಲಿ ಒಂದೇ ಖಾನೆ: ಶೇಕಡಾ ಎಷ್ಟು ಮುಚ್ಚಿದೆ?
ಎಪ್ಪತ್ತು ಅಂತ ಬರೆದರೆ ನಾಳೆ ಕ್ಲೋರಿನ್ ಏರುತ್ತದೆ.
ನಲವತ್ತು ಅಂತ ಬರೆದರೆ ಜಟ್ಟಪ್ಪ
ಬ್ರಷ್ಷು ಹಿಡಿದು ಕತ್ತಲ ಕೊಳವೆಯೊಳಗೆ ಇನ್ನೊಂದು ವಾರ.
ಎಪ್ಪತ್ತು ಅಂತ ಬರೆದೆ.

ಗಾಜಿನ ತಟ್ಟೆಯಲ್ಲಿ ಹತ್ತೊಂಬತ್ತು ಕೊಡೆ ಉಳಿದಿದ್ದವು.
ಫಾರ್ಮಲಿನ್ ಬಾಟಲಿಗೆ ನಾನು ಕೈ ಚಾಚುವಷ್ಟರಲ್ಲಿ
"ಎಣಿಸಿ ಆಯ್ತಲ್ಲ?" ಅಂತ ಜಟ್ಟಪ್ಪ
ತಟ್ಟೆ ಎತ್ತಿಕೊಂಡು ಕಟ್ಟೆಗೆ ಹೋಗಿ
ಕಡಲಿಗೆ ಬಗ್ಗಿಸಿದ.
ಹಿಂದಿರುಗಿ, ರೂಢಿಯಂತೆ, ಸಿಂಕಿನ ನಲ್ಲಿ ತಿರುಗಿಸಿದ.

ಬೇಡ, ಅಂದೆ. ಅಂಚಿಗೆ ಮೂರು ಅಂಟಿದ್ದವು.
ನೀರು ಬಿದ್ದದ್ದೇ ಉಬ್ಬಿ, ಬೆಳ್ಳಗಾಗಿ, ನಿಂತವು.

ಅವನು ನಲ್ಲಿಯನ್ನು ನೋಡಿದ, ನನ್ನನ್ನು ನೋಡಿದ.
"ಕುಡಿಯೂ ನೀರೇ ಅಲ್ವಾ ಮೇಡಂ?"